ಅವ್ವನ ಬೈತಲೆ

ಚಳ್ಳಕೆರೆ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ನಾಗಕ್ಕನಿಗೆ,

ನಿನ್ನ ತಮ್ಮ ಮಾರುತೇಶ ಮಾಡುವ ನಮಸ್ಕಾರ. ಪಾಲಾಕ್ಷ ಭಾವನಿಗೂ ನಿನ್ನ ಅತ್ತೆಯವರಿಗೂ ತಿಳಿಸು. ಚಿರಂಜೀವಿಯ ಕೆಮ್ಮು ಹೋಯಿತೇ? ಅವನನ್ನು ಗಾಳಿಗೆ ಬಿಡಬೇಡ. ಇಲ್ಲಿ ಈ ಸಲ ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿದೆ. ಮಿಲ್ಲಿನ ಅಂಗಳದ ಶೇಂಗಾ ಸಿಪ್ಪೆ ಹಾರಿಹೋಗಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ತಿನ್ನುವವರ ಇಡ್ಲಿಯ ಮೇಲೆ ಕೂರುತ್ತದೆ.

ನೀನು ಬರೆದು ಕಳಿಸಿದ ಅವ್ವನ ಚಿತ್ರ ಕೈಸೇರಿ ತಿಂಗಳಾಯಿತು. ಉತ್ತರ ಬರೆಯದಿದ್ದುದಕ್ಕೆ ಮಿಲ್ಲಿನ ಸೀಸನ್ ಎಂದು ಸಬೂಬು ಹೇಳಬಹುದು, ಹೇಳುವುದಿಲ್ಲ. ಬಂದ ದಿನವೇ ಫೋನ್ ಮಾಡಿ ಕಿರುಚಿದೆನಲ್ಲ, "ಮುಖ ಎಲ್ಲಕ್ಕಾ? ನಾನ್ ಕೇಳಿದ್ದು ಮುಖ!" ಅಂತ. ನೀನು "ಬಗ್ಗ್ಯಾಳಲ್ಲೋ, ಹೆಂಗ್ ಕಾಣ್ತೈತೆ? ಹಾಲು ಉಕ್ತೈತೆ, ಇಡ್ತೀನಿ" ಅಂದು ಇಟ್ಟುಬಿಟ್ಟೆ. ನಿನ್ನ ಬೆನ್ನ ಹಿಂದೆಯೇ ಮಗ್ಗದ ಸದ್ದು ಕೇಳುತ್ತಿತ್ತು. ಮಗ್ಗದ ಮನೆಯಲ್ಲಿ ಯಾವ ಹಾಲೂ ಉಕ್ಕುವುದಿಲ್ಲ ಎಂದು ನನಗೂ ಗೊತ್ತು. ಆ ಕಿರುಚಾಟವನ್ನು ಹೊಟ್ಟೆಗೆ ಹಾಕಿಕೋ. ಪತ್ರವನ್ನೇ ಯಾಕೆ ಬರೆಯುತ್ತಿದ್ದೇನೆಂದರೆ, ಫೋನಿನಲ್ಲಿ ನೀನು ಎಲ್ಲದಕ್ಕೂ "ಹ್ಞೂಂ" ಅನ್ನುತ್ತೀಯ. ಕಾಗದವಾದರೆ ನಾನು ಮುಗಿಸುವವರೆಗೆ ನೀನು ಇಡುವಂತಿಲ್ಲ.

ನನ್ನ ಹಟ ನಿನಗೆ ಗೊತ್ತೇ ಇದೆ. ಫೆಬ್ರವರಿ ಹದಿನಾರಕ್ಕೆ ಮಾಲಾ ಮತ್ತು ನಾನು ನಮ್ಮ ಕಾರ್ಮಿಕರ ಸಂಘದ ಕೋಣೆಯಲ್ಲಿ ಮದುವೆಯಾಗುತ್ತೇವೆ. ಮುಹೂರ್ತವಿಲ್ಲ, ಮಂತ್ರವಿಲ್ಲ, ವರದಕ್ಷಿಣೆಯ ಮಾತಂತೂ ಇಲ್ಲವೇ ಇಲ್ಲ. ಎರಡು ಹಾರ, ಇಬ್ಬರೂ ಓದಿ ಹೇಳುವ ನಾಲ್ಕು ಮಾತು, ಬಂದವರಿಗೆ ಪಾಯಸ. ಕೋಣೆಯ ಗೋಡೆಯ ಮೇಲೆ ನಾವು ಗೌರವಿಸುವವರ ಪಟಗಳಿವೆ. ಹತ್ತು ರೂಪಾಯಿಯ ಪುಸ್ತಿಕೆಗಳಲ್ಲಿ ಅವರ ಮಾತು ಓದಿಯೇ ನಾನು ಮಿಲ್ಲಿನ ಮಾಲೀಕರ ಮುಂದೆ ಕೈ ಕಟ್ಟದೆ ನಿಲ್ಲುವುದನ್ನು ಕಲಿತೆ. ಆದರೆ ಆ ಸಾಲಿನಲ್ಲಿ ನನ್ನನ್ನು ಹೆತ್ತವಳೂ ಇರಬೇಕು ಅನ್ನಿಸಿತು. ದೇವರ ಮುಂದೆ ನಾನು ಮಾತು ಕೊಡಲಾರೆ, ಅವಳ ಮುಂದೆ ಕೊಡಬಲ್ಲೆ. ಅವ್ವ ಸತ್ತಾಗ ನನಗೆ ನಡೆಯಲೂ ಬರುತ್ತಿರಲಿಲ್ಲ. ಇದ್ದ ಒಂದೇ ಫೋಟೊವನ್ನು ಅಪ್ಪ ಅವಳ ಜೊತೆಗೇ ಮಣ್ಣಿಗಿಟ್ಟ. ನಿನಗಾಗ ಏಳು ವರ್ಷ, ನೀನು ಅವಳನ್ನು ಕಣ್ಣಾರೆ ಕಂಡವಳು. ಈಗ ಮೊಳಕಾಲ್ಮುರಿನಲ್ಲಿ ಸೀರೆಯ ಹೂವು, ನವಿಲುಗಳನ್ನು ಗ್ರಾಫ್ ಹಾಳೆಯ ಮೇಲೆ ಮಸಿಯಲ್ಲಿ ಬರೆದುಕೊಡುವವಳು. ಅವ್ವನ ಮುಖ ಬರೆಯಬಲ್ಲವಳು ಲೋಕದಲ್ಲಿ ನೀನೊಬ್ಬಳೇ ಅಂತ ಕೇಳಿದೆ. ನೀನು ಕಳಿಸಿದ್ದು ಇದು.

ಕಂಡಕ್ಟರ್ ಪಾತಣ್ಣ ಮಿಲ್ಲಿನ ಗೇಟಿಗೇ ತಂದುಕೊಟ್ಟ. ಹಳೆಯ ಕ್ಯಾಲೆಂಡರಿನಲ್ಲಿ ಸುತ್ತಿ ಮಗ್ಗದ ದಾರ ಕಟ್ಟಿದ್ದೆ. ಮೂಟೆಯ ಮೇಲೆ ಕೂತು ಬಿಚ್ಚಿದೆ. ಅವತ್ತು ಸಿಟ್ಟು ಬಂತು. ಆಮೇಲೂ ಬಹಳ ದಿನ ಬೈದುಕೊಂಡೇ ನೋಡಿದೆ. ನೋಡುತ್ತ ನೋಡುತ್ತ ಬೈಗುಳ ಮುಗಿಯಿತು, ಚಿತ್ರ ಮುಗಿಯಲಿಲ್ಲ. ಅದರಲ್ಲಿ ನನಗೆ ಕಂಡದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ಹೇಳು.

ನಮ್ಮ ಹಳೆಯ ಮನೆಯ ಮುಂದಿನ ಬಚ್ಚಲು ಕಲ್ಲು. ಅವ್ವ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಎರಡೂ ಕಾಲು ನೀಡಿ ಕೂತಿದ್ದಾಳೆ. ಕಾಲ ಮೇಲೆ ನಾನು, ಅಂಗಾತ. ಅವಳ ಎಡಗೈ ನನ್ನ ಕತ್ತಿನ ಕೆಳಗೆ, ಬಲಗೈಯಲ್ಲಿ ಚೊಂಬು. ನೀನು ಹಂಡೆಯ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕೆನ್ನೆ ಉಬ್ಬಿಸಿ ಊದುತ್ತಿದ್ದೀಯ. ಲಂಗದ ತುದಿ ಬೂದಿಯಲ್ಲಿ ಬಿದ್ದಿದೆ, ನಿನಗೆ ಪರಿವೆಯೇ ಇಲ್ಲ.

ನಿಜ ಹೇಳಲೇ? ಮೊದಲು ನಾನು ಹುಡುಕಿದ್ದು ಅಪ್ಪನನ್ನು. ಹೆಂಗಸು ನೀರು ಹೊತ್ತು, ಕಾಸಿ, ಎರೆಯುವಾಗ ಗಂಡಸು ಕಟ್ಟೆಯ ಮೇಲೆ ಬೀಡಿ ಸೇದುತ್ತಿರುತ್ತಾನೆ. ಈ ಅನ್ಯಾಯದ ಬಗ್ಗೆ ನಾನು ಸಂಘದಲ್ಲಿ ಅರ್ಧ ಗಂಟೆ ನಿಲ್ಲಿಸದೆ ಮಾತಾಡಬಲ್ಲೆ, ಮಾತಾಡಿದ್ದೇನೆ ಕೂಡ. ನಿನ್ನ ಚಿತ್ರದ ಅಪ್ಪ ಕರಿ ಕಂಬಳಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಗಾಳಿಗೆ ಅಡ್ಡ ನಿಂತಿದ್ದಾನೆ. ಒದ್ದೆ ಮೈಗೆ ಗಾಳಿ ತಾಗದಿರಲಿ ಅಂತ. ಗೋಡೆಯಿಲ್ಲದ ಬಚ್ಚಲಿಗೆ ಅವನೇ ಗೋಡೆ. ನನ್ನ ಭಾಷಣ ಅಲ್ಲೇ ನಿಂತಿತು.

ಕಂಬಳಿಯನ್ನು ನೀನು ಬರೆದ ರೀತಿ ನೋಡು! ಅಡ್ಡ ಗೆರೆ, ಉದ್ದ ಗೆರೆ, ಮತ್ತೆ ಅಡ್ಡ. ಬರೆದಿಲ್ಲ, ನೇಯ್ದಿದ್ದೀಯ. ಗಾಳಿ ಹೊಡೆದ ಕಡೆ ಅದರ ಹೊಟ್ಟೆ ಉಬ್ಬಿದೆ. ಅಲ್ಲಿ ಗೆರೆಗಳು ಸಡಿಲಾಗಿ ಬೆಳಕು ನುಸುಳುತ್ತದೆ. ನೀರನ್ನು ಮಾತ್ರ ನೀನು ಬರೆದೇ ಇಲ್ಲ. ಚೊಂಬಿನ ಬಾಯಿಂದ ನನ್ನ ಎದೆಯವರೆಗೆ ಹಾಳೆಯನ್ನು ಬಿಳಿ ಬಿಟ್ಟಿದ್ದೀಯ, ಮಸಿ ಇಲ್ಲದ ಕಡೆ ನೀರು ಸುರಿಯುತ್ತಿದೆ. ಇದನ್ನು ಯಾರಕ್ಕ ನಿನಗೆ ಕಲಿಸಿದರು? ಕೂಸಿನ ಕಣ್ಣು ಎರಡು ಚುಕ್ಕೆ, ಬಾಯಿ ಒಂದು ಸೊನ್ನೆ, ಅಷ್ಟೇ. ಆದರೂ ಅದು ನಾನು ಅಂತ ಯಾರು ಬೇಕಾದರೂ ಹೇಳುತ್ತಾರೆ.

ಹಾಳೆಯ ಹಿಂದುಗಡೆ ಅರ್ಧಕ್ಕೆ ಬಿಟ್ಟ ನವಿಲಿದೆ. ಬೆಳಕಿಗೆ ಹಿಡಿದರೆ ಅದರ ಚೌಕಗಳು ನಮ್ಮ ಅಂಗಳದ ನೆಲದಲ್ಲಿ ಮೂಡುತ್ತವೆ. ಒಂದು ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಎಣ್ಣೆ ಹತ್ತಿದೆ. ಮಿಲ್ಲಿನ ಕೈ, ತೊಳೆಯುವ ತಾಳ್ಮೆ ಇರಲಿಲ್ಲ. ಆ ಕಲೆಯೊಳಗೆ ನವಿಲಿನ ಕಾಲು ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಅವ್ವ. ತಲೆ ಪೂರ್ತಿ ಬಗ್ಗಿದೆ. ಕಾಣುವುದು ಬೈತಲೆ, ಅದರ ಎರಡೂ ಕಡೆ ಎಣ್ಣೆ ಹಚ್ಚಿ ಒತ್ತಿ ಬಾಚಿದ ಕೂದಲು, ಒಂದು ಕಿವಿ, ಕಿವಿಯ ಓಲೆ, ಕತ್ತಿನ ಮೇಲೆ ಜಾರಿದ ತುರುಬು. ಬೈತಲೆಯ ಗೆರೆಯನ್ನು ಒಂದೇ ಉಸಿರಿಗೆ ಎಳೆದಿದ್ದೀಯ. ಅದು ಮುಗಿದು ಹಣೆ ಶುರುವಾಗಬೇಕಾದ ಕಡೆ ಮಸಿಯ ಒಂದು ಚುಕ್ಕೆ ದಪ್ಪಗಾಗಿ ಹರಡಿದೆ. ಇಡೀ ಚಿತ್ರದಲ್ಲಿ ಮಸಿ ಹರಡಿರುವುದು ಅಲ್ಲೊಂದೇ ಕಡೆ. ಪೆನ್ನು ಸೋರಿರಬೇಕು ಅಂದುಕೊಂಡೆ.

ಸಂಘದ ಕೋಣೆಯಲ್ಲಿ ಅದನ್ನು ಗೋಡೆಗೆ ಹಾಕಿದೆ. ನಮ್ಮ ದುರುಗೇಶ್ ಗೊತ್ತಲ್ಲ, ಫ್ಲೆಕ್ಸ್ ಅಂಗಡಿಯವನು, ಅವನೇ ಮೊದಲು ಬಂದ. ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಈ ಕೂಸು ನೀನೇನಲೇ? ಸರಿ ಬಿಡು. ಅವಾಗಿಂದ್ಲೂ ಬಾಯಿ ಮುಚ್ಚಿಲ್ಲ ನೀನು."

"ಲೇ, ಚಿತ್ರ ನೋಡಲೇ ಮೊದ್ಲು."

"ನೋಡ್ತಿದೀನಲ್ಲೋ. ನಿಮ್ಮಪ್ಪ ಭಾರಿ ಚೆನ್ನಾಗಿ ಬಂದಾನೆ. ಆದ್ರೆ ಮದುವೆಗೆ ನಿಮ್ಮವ್ವನ ಫ್ಲೆಕ್ಸ್ ಹೆಂಗಲೇ ಮಾಡ್ಲಿ? ಈ ತಲೆಕೂದ್ಲು ದೊಡ್ಡದ್ ಮಾಡಿ ಹಾಕಿದ್ರೆ ಯಾವ್ದೋ ಎಣ್ಣೆ ಜಾಹೀರಾತು ಅನ್ಕಂತಾರೆ ಜನ."

ಅಷ್ಟರಲ್ಲಿ ಬಂದು ಸೇರಿದವರೆಲ್ಲ ನಕ್ಕರು. ನಾನೂ ನಕ್ಕೆ, ಆಮೇಲೆ ಎರಡು ದಿನ ಅವನನ್ನು ಮಾತಾಡಿಸಲಿಲ್ಲ. ಮೂರನೆಯ ದಿನ ಅವನೇ ಬಂದ. ನನ್ನದೂ ನಿನ್ನದೂ ಫೋಟೊ ಹಾಕಿದರೆ ಈಗ ಫೋನೇ ತಾಯಿಯ ಮುಖ ಮಾಡಿಕೊಡುತ್ತದಂತೆ, ಮಾಡಿಯೂ ಇದ್ದ. ಪಾಪ, ಸಮಾಧಾನ ಮಾಡಲೆಂದೇ ಮಾಡಿದ್ದ. ನೋಡಿದೆ. ಬೆಳ್ಳಗೆ, ಸಾಲು ಹಲ್ಲು ಹೊಳೆಯುವ ಒಬ್ಬ ಹೆಂಗಸು ನನ್ನನ್ನು ನೋಡಿ ನಗುತ್ತಿದ್ದಳು. ಒಂದು ದಿನವೂ ಬಿಸಿಲಿಗೆ ನಿಂತವಳಲ್ಲ. ಹೊಲದಲ್ಲಿ ಕಳೆ ಕಿತ್ತವಳಲ್ಲ. "ಅಳಿಸಲೇ" ಅಂದೆ. "ಚೆನ್ನಾಗೈತಲ್ಲೋ" ಅಂದ. "ಚೆನ್ನಾಗೈತೆ, ಅದಕ್ಕೇ ಅಳಿಸು" ಅಂದೆ. ಅಕ್ಕ, ಯಾವುದೋ ಒಂದು ಮುಖ ನನಗೆ ಬೇಕಾಗಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ, ಬೆವರಿದ, ಬೇಕಾದರೆ ನನಗೆ ಬೈಯುತ್ತಿರುವ ಮುಖವೇ ಆಗಲಿ, ಅವಳದ್ದೇ ಬೇಕಿತ್ತು.

ಮಾಲಾ ಸಂಜೆ ಟೈಲರ್ ಅಂಗಡಿ ಮುಚ್ಚಿ ಬಂದಳು. ಅವಳಿಗೆ ನನ್ನ ಹಾಗೆ ಒಂದೇ ಸಲಕ್ಕೆ ಅಭಿಪ್ರಾಯ ಹೇಳುವ ಚಾಳಿಯಿಲ್ಲ. ಹತ್ತಿರ ಹೋದಳು, ದೂರ ಬಂದಳು, ಕಂಬಳಿಯ ಅಂಚನ್ನು ಬಟ್ಟೆ ಮುಟ್ಟಿದಂತೆ ಬೆರಳಲ್ಲಿ ಸವರಿದಳು.

"ಇದ್ರಲ್ಲಿ ಒಬ್ರೂ ನಮ್ಮ ಕಡೆ ನೋಡ್ತಿಲ್ಲ, ಅಲ್ವಾ?" ಅಂದಳು. "ಫೋಟೊ ಆಗಿದ್ರೆ ನಾಲ್ಕು ಜನಾನೂ ಕೆಲ್ಸ ಬಿಟ್ಟು ನಮ್ಮನ್ನ ನೋಡ್ತಾ ಕೂತಿರೋರು. ಇಲ್ಲಿ ಅವರ ಪಾಡಿಗೆ ಅವರಿದಾರೆ. ನಾವೇ ಬಾಗ್ಲಲ್ಲಿ ನಿಂತು ಕದ್ದು ನೋಡ್ದಂಗೈತೆ."

"ಮುಖ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

"ನಿನಗೆ ಹಟ ಕಣೋ" ಅಂದಳು, ಆದರೆ ಮೆತ್ತಗೆ ಅಂದಳು.

ಅವತ್ತು ನಿಮ್ಮ ಮನೆಯ ಮಗ್ಗ ನೆನಪಾಯಿತು. ಕಳೆದ ದಸರೆಗೆ ಬಂದಾಗ ನೀನೂ ಭಾವನೂ ಒಂದೇ ಮಗ್ಗದಲ್ಲಿ ಕೂತಿದ್ದಿರಿ. ಅಂಚಿಗೊಂದು ಬಣ್ಣ, ಒಡಲಿಗೊಂದು ಬಣ್ಣದ ಸೀರೆ ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಭಾವ ಎಸೆದ ಲಾಳಿಯನ್ನು ನೀನು ಹಿಡಿದು ತಿರುಗಿ ಎಸೆಯುತ್ತಿದ್ದೆ. ಹೂವುಗಳೆಲ್ಲ ದಾರ ಜೋತು ಬಿದ್ದು ಒರಟಾಗಿ ಕಂಡವು. ಹೀಗೇಕೆ ಅಂದೆ. ಭಾವ ನಕ್ಕರು. "ಇದು ಬೆನ್ನು ಮಾರುತಿ. ಮುಖ ಕೆಳಗೈತೆ. ನೇಯೋರಿಗೆ ಯಾವತ್ತೂ ಬೆನ್ನೇ." ಆಮೇಲೆ ಸಣ್ಣ ಕನ್ನಡಿಯೊಂದನ್ನು ಬಟ್ಟೆಯ ಕೆಳಗೆ ಹಿಡಿದು ತೋರಿಸಿದರು. ಜರಿಯ ಹೂವು ಕನ್ನಡಿಯಲ್ಲಿ ಅರಳಿತ್ತು. ನನಗೆ ತಡೆಯಲಾಗಲಿಲ್ಲ. ದುಡಿದವರಿಗೆ ಬೆನ್ನು, ದುಡ್ಡಿದ್ದವರಿಗೆ ಮುಖ, ಇದೇ ಈ ವ್ಯವಸ್ಥೆ ಎಂದು ಶುರುಮಾಡಿದೆ. ನೀನು ಪೂರ್ತಿ ಕೇಳಿ "ಆಯ್ತು, ಆ ದಾರದ ಲಡಿ ಇತ್ತ ಕೊಡು" ಅಂದೆ. ಈಗಲೂ ನನ್ನ ಮಾತು ಸುಳ್ಳೆನ್ನುವುದಿಲ್ಲ. ಆದರೆ ಆ ಕನ್ನಡಿ ನೆನಪಾದಾಗೆಲ್ಲ ನಿನ್ನ ಚಿತ್ರದ ಕೆಳಗೂ ಒಂದು ಕನ್ನಡಿ ಹಿಡಿಯಬೇಕು ಅನ್ನಿಸುತ್ತದೆ.

ಕಡೆಗೆ, ಅಪ್ಪನನ್ನೇ ಕೇಳೋಣ ಅಂತ ಹೋದ ಭಾನುವಾರ ಚಿತ್ರ ಹಿಡಿದು ನಮ್ಮೂರು ದೊಡ್ಡಉಳ್ಳಾರ್ತಿಗೆ ಹೋದೆ. ಅಪ್ಪ ಹೇಳಿದ ಗುರುತಿನ ಮೇಲೆ ನೀನು ಇನ್ನೊಂದು ಬರೆಯಬಹುದು ಎಂಬುದು ನನ್ನ ಲೆಕ್ಕಾಚಾರ. ಅಪ್ಪ ಊರಲ್ಲಿರಲಿಲ್ಲ, ಊರಾಚೆಯ ಹುಲ್ಲುಗಾವಲಿಗೆ, ನಮ್ಮ ಕಾವಲಿಗೆ, ಕುರಿ ಬಿಟ್ಟುಕೊಂಡು ಹೋಗಿದ್ದ. ಸರ್ಕಾರದವರು ಕಾವಲಿಗೆ ಅಡ್ಡ ಕಟ್ಟಿದ ಹೊಸ ಕಾಂಪೌಂಡಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ.

"ಏನಪ್ಪಾ, ಗೋಡೆ ಕಾಯ್ತಾ ಇದೀಯಾ?"

"ಹ್ಞೂಂ ಮತ್ತೆ. ಹುಲ್ಲು ಆಕಡೆ, ಕುರಿ ಈಕಡೆ. ಗಾಳಿಗಾದ್ರೂ ಅಡ್ಡ ಆಗ್ಲಿ ಅಂತ ಕಟ್ಟಿಕೊಟ್ಟವ್ರೆ" ಅಂದ.

ಚಿತ್ರ ಬಿಚ್ಚಿದೆ. ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡ, ಮುಟ್ಟಲಿಲ್ಲ.

"ನಮ್ ನಾಗಿ ಬರೆದಿದ್ದಾ?" ಅಂತ ಕೇಳಿದ. ಬೆರಳು ಹಾಳೆಗೆ ತಾಗದಂತೆ ಮೇಲೆಯೇ ಓಡಾಡಿತು. "ಈ ಕಂಬಳಿ ನಮ್ಮಪ್ಪಂದು. ಇಲ್ಲಿ ತೂತಿತ್ತು. ಅದ್ನೂ ಬಿಟ್ಟಿಲ್ಲ ನೋಡು ಇವಳು." ನಾನು ಅದನ್ನು ಗೆರೆ ತಪ್ಪಿದ್ದು ಅಂದುಕೊಂಡಿದ್ದೆ. "ಕೈ ಅವಳ್ದೇ. ಚೊಂಬು ಹಂಗೇ ಹಿಡೀತಿದ್ಲು, ಅದರ ಬಾಯೊಳಗೆ ಹೆಬ್ಬೆಟ್ಟು ಹಾಕಿ. ಹಂಗೆ ಹಿಡೀಬ್ಯಾಡ ಅಂದ್ರೆ ಕೇಳ್ತಿರ್ಲಿಲ್ಲ ಯರ್ರಿ."

ಅವ್ವನನ್ನು ಅಪ್ಪ ಯರ್ರಿ ಅಂತ ಕರೆಯುತ್ತಿದ್ದದ್ದು ನನಗೆ ಅವತ್ತೇ ಗೊತ್ತಾದದ್ದು. ನಮ್ಮೆದುರು ಯಾವಾಗಲೂ "ನಿಮ್ಮವ್ವ" ಅನ್ನುತ್ತಿದ್ದ.

"ಮುಖ ಹೆಂಗಿತ್ತಪ್ಪಾ?"

"ನಿಮ್ಮವ್ವಂದಾ? ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ? ಉದ್ದನಾ, ದುಂಡಕಾ? ಮೂಗು? ಕಣ್ಣು?"

"ಏನಲೇ, ಪೊಲೀಸ್ನೋರು ಕೇಳ್ದಂಗೆ ಕೇಳ್ತೀಯ? ತಡಿ, ಕುರಿ ಆಕಡೆ ಹೋದ್ವು" ಅಂತ ಎದ್ದ. ಕುರಿಗಳು ಎಲ್ಲಿಗೂ ಹೋಗಿರಲಿಲ್ಲ.

ಆಗ ಕೇಳಿಯೇಬಿಟ್ಟೆ. "ಇದ್ದಿದ್ದು ಒಂದು ಫೋಟೊ. ಅದನ್ಯಾಕಪ್ಪ ಮಣ್ಣಿಗೆ ಹಾಕಿದೆ?" ಸತ್ತವರ ಇಷ್ಟದ ಸಾಮಾನನ್ನು ಜೊತೆಗಿಟ್ಟು ಕಳಿಸುವ ಈ ಪದ್ಧತಿಯನ್ನು ನಾನು ಮೈಕಿನ ಮುಂದೆ ನಿಂತು ಮೌಢ್ಯ ಅಂದವನು. ಅಪ್ಪ ಬೆನ್ನು ತಿರುಗಿಸಿಯೇ ನಿಂತಿದ್ದ.

"ಅದು ಅವಳೊಬ್ಬಳ್ದಲ್ಲ ಕಣಪ್ಪ. ಚಳ್ಳಕೆರೆ ಸ್ಟುಡಿಯೋದಾಗೆ ನಾಲ್ಕು ಜನಾನೂ ತೆಗೆಸ್ಕೊಂಡಿದ್ದು. ನೀನು ಅವಳ ತೊಡೆ ಮೇಲೆ ಕೂತಿದ್ದೆ. ಅಲ್ಲಿ ಅವಳಿಗೆ ನಿಮ್ಮನ್ನ ನೋಡ್ಬೇಕು ಅನ್ನಿಸಿದ್ರೆ ಏನ್ ಮಾಡ್ತಾಳೆ? ಅದಕ್ಕೇ ಎದೆ ಮೇಲಿಟ್ಟೆ. ನಮಗೇನು, ಕಣ್ಣು ಮುಚ್ಚಿದ್ರೆ ಸಾಕು, ಕಾಣ್ತಾಳೆ ಅನ್ಕಂಡಿದ್ದೆ."

ಸತ್ತವರಿಗೆ ಕಣ್ಣಿಲ್ಲ ಎಂದು ವಾದಿಸಬಹುದಿತ್ತು. ಅದಕ್ಕೆ ಬೇಕಾದ ಮಾತುಗಳೆಲ್ಲ ನನಗೆ ಬಾಯಿಪಾಠ. ಚಿತ್ರವನ್ನು ಅಲ್ಲೇ ಬಿಟ್ಟು ನೀರು ಕುಡಿಯಲು ಹೋದೆ. ಅವನು ಮಾಡಿದ್ದು ತಪ್ಪು ಎಂದು ಈಗಲೂ ಅನ್ನುತ್ತೇನೆ. ಆದರೆ ಅದನ್ನು ಮೌಢ್ಯ ಎನ್ನಲು ಇನ್ನು ನನ್ನಿಂದಾಗದು.

ಹಾಗಾಗಿ ಅಕ್ಕ, ಇನ್ನೊಂದು ಚಿತ್ರ ಬರೆಯಬೇಡ. ಹದಿನಾರಕ್ಕೆ ಇದೇ ಇರುತ್ತದೆ, ಫ್ಲೆಕ್ಸ್ ಇಲ್ಲ. ಗಾಜು ಹಾಕಿಸಿ, ಆ ದೊಡ್ಡವರ ಸಾಲಿನ ನಡುವೆ, ಕೂತವರ ಕಣ್ಣಿಗೆ ನಿಲುಕುವಷ್ಟು ಎತ್ತರದಲ್ಲಿ ಮೊಳೆ ಹೊಡೆದಿದ್ದೇನೆ. ನನ್ನ ಮಾತನ್ನು ಅವಳ ಬೈತಲೆಯ ಮುಂದೆಯೇ ಓದುತ್ತೇನೆ. ನನಗೆ ನೆನಪೇ ಇಲ್ಲದ ಒಂದು ಬೆಳಗಿನ ಮೇಲೆ ನನಗೇಕೆ ಇಷ್ಟು ಆಸೆಯೋ ತಿಳಿಯದು. ಮಿಲ್ಲಿನಲ್ಲಿ ಮೂಟೆ ಹೊರುವಾಗಲೂ ಆ ಬಚ್ಚಲು ಕಲ್ಲಿನ ಬಿಸಿನೀರು ಮೈಮೇಲೆ ಬಿದ್ದಂತಾಗುತ್ತದೆ.

ನೀನು ಹಿಂದಿನ ದಿನವೇ ಬಾ. ಇಬ್ಬರೂ ಬಂದರೆ ಮಗ್ಗ ನಿಲ್ಲುತ್ತದೆ ಅಂತ ಗೊತ್ತು. ನಿಲ್ಲಲಿ, ನನಗೆ ಇನ್ನೊಬ್ಬ ಅಕ್ಕ ಇಲ್ಲ. "ತಾಳಿ ಇಲ್ದ ಮದುವೆ ಎಂಥಾದ್ದು" ಅಂತ ನಿನ್ನ ಅತ್ತೆ ಅಂದರಂತೆ. ಮಾಲಾ ತಾನೇ ಬಂದು ಅವರನ್ನು ಕರೆಯುತ್ತಾಳೆ, ನಾನು ಬಂದರೆ ಜಗಳವಾಗುತ್ತದಂತೆ. ಅಪ್ಪ ನಿನಗೂ ಭಾವನಿಗೂ ಆಶೀರ್ವಾದ ಹೇಳಿದ್ದಾನೆ. ಚಿರಂಜೀವಿ ನೂರು ಕಾಲ ಗಟ್ಟಿಯಾಗಿರಲಿ, ನನ್ನಷ್ಟು ಮಾತಾಡದಿದ್ದರೂ ಅಡ್ಡಿಯಿಲ್ಲ. ನಿನ್ನ ಕೈ ತಣ್ಣಗಿರಲಿ.

ನಿನ್ನ ದಾರಿ ಕಾಯುವ,
ಮಾರುತೇಶ

ತಾ.ಕ.: ಒಂದು ವಿಷಯವನ್ನು ಮೇಲೆ ಬರೆಯಲಾಗಲಿಲ್ಲ. ಅವತ್ತು ಕಾವಲಿನಲ್ಲಿ ನಾನು ನೀರು ಕುಡಿಯಲು ಬೋರ್‌ವೆಲ್ ಕಡೆ ಹೋಗಿದ್ದೆ. ತಿರುಗಿ ಬರುವಾಗ ದೂರದಿಂದ ಕಂಡೆ. ಅಪ್ಪ ಚಿತ್ರವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು, ಕತ್ತು ಹೊರಳಿಸಿ, ಕೆಳಗಿನಿಂದ ನೋಡುತ್ತಿದ್ದ. ಮುನಿಸಿಕೊಂಡು ತಲೆ ಬಗ್ಗಿಸಿದ ಮಗುವಿನ ಮುಖವನ್ನು ನಾವು ಬಗ್ಗಿ ನೋಡುವುದಿಲ್ಲವೇ, ಹಾಗೆ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ಆಮೇಲೆ ಸುರುಳಿ ಸುತ್ತಿ ಇಟ್ಟ. ನಾನು ಕಂಡದ್ದು ಅವನಿಗೆ ಗೊತ್ತಿಲ್ಲ.

ಅಪ್ಪನಿಗೂ ನೆನಪಿಲ್ಲ, ಅಕ್ಕ. ಹಣೆಯ ಹತ್ತಿರದ ಆ ಚುಕ್ಕೆ ಪೆನ್ನು ಸೋರಿದ್ದಲ್ಲ ಎಂದು ನನಗೆ ಅಲ್ಲಿ ಗೊತ್ತಾಯಿತು. ನಿನ್ನ ಕೈ ಅಲ್ಲಿಯವರೆಗೆ ಬಂದು ನಿಂತಿದೆ, ಕಾದಿದೆ, ಮುಂದಿನದು ಬಂದಿಲ್ಲ. ನೀನು ಏನೂ ಹೇಳಬೇಕಾಗಿಲ್ಲ. ಸಣ್ಣವನಿದ್ದಾಗ ಅವ್ವ ಹೇಗಿದ್ದಳು ಅಂತ ಕೇಳಿದರೆ ನೀನು ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದೆ. ನಾನು ಎಲ್ಲವನ್ನೂ ನಂಬಿದೆ.

ಇವತ್ತು ಬೆಳಿಗ್ಗೆ ಮತ್ತೆ ಚಿತ್ರದ ಮುಂದೆ ಕೂತಿದ್ದೆ. ನೀನು ಒಲೆಯ ಕಡೆ ನೋಡುತ್ತಿದ್ದೀಯ. ಅಪ್ಪ ಗಾಳಿಯ ಕಡೆ. ಅವಳ ಮುಖ ಕಾಣುವ ಜಾಗದಲ್ಲಿರುವವನು ಒಬ್ಬನೇ, ಅವಳ ಕಾಲ ಮೇಲೆ ಅಂಗಾತ ಮಲಗಿ ಎರಡು ಚುಕ್ಕೆ ಕಣ್ಣು ಬಿಟ್ಟುಕೊಂಡವನು. ಅಷ್ಟು ಹತ್ತಿರದಿಂದ ನೋಡಿದ್ದೆನಲ್ಲ, ಅಕ್ಕ.